ಜಮೀನಿನೊಳಗೆ ಪೊಲೀಸ್ ಕ್ಯಾಮೆರಾ: ಕಾನೂನಿನ ಬೇಲಿ ಎಲ್ಲಿದೆ?



ಬಳ್ಳಾರಿ ಜಿಲ್ಲೆಯ ರೂಪನಗುಡಿ ನಮ್ಮ ಕಾಫಿ, ಅಡಿಕೆಯ ಸೀಮೆಯಲ್ಲ. ಅದು ಎರೆಭೂಮಿ. ಮೆಣಸಿನಕಾಯಿ, ಹತ್ತಿ, ಭತ್ತ, ಜೋಳ ಅಲ್ಲಿಯ ರೈತರ ಬಾಳು. ಆದರೂ ಈ ಸಂಚಿಕೆಯ ಲೇಖನಕ್ಕೆ ಕಾರಣವಾದ ಪ್ರಶ್ನೆ ಹುಟ್ಟಿದ್ದು ಅಲ್ಲಿಯೇ. ನಮ್ಮ ಸಂಘದ ಸದಸ್ಯರೊಬ್ಬರ ಬೀಗರು ಆ ಕಡೆಯವರು. ಕಣದಲ್ಲಿ ಹರವಿದ ಮೆಣಸಿನಕಾಯಿ ಒಣಗುವ ತನಕ ರಾತ್ರಿ ಕಾವಲಿಗೆ ಆಳು ಸಿಗುವುದಿಲ್ಲವೆಂದು ಅವರು ಪಂಪ್‌ಸೆಟ್ಟಿನ ಮನೆಯ ಮೇಲೆ ಎರಡು ಸಿ.ಸಿ. ಕ್ಯಾಮೆರಾ ಹಾಕಿಸಿದರು. ಕೆಲವು ದಿನಗಳ ಮೇಲೆ ಪೊಲೀಸರು ಬಂದು, ಒಂದು ಕ್ಯಾಮೆರಾವನ್ನು ರಸ್ತೆಯ ಕಡೆಗೆ ತಿರುಗಿಸಬಹುದೇ, ಅದರ ಚಿತ್ರ ಠಾಣೆಯ ಮೊಬೈಲಿನಲ್ಲಿಯೂ ಸದಾ ಕಾಣುವಂತೆ ಪಾಸ್‌ವರ್ಡ್ ಕೊಡಬಹುದೇ ಎಂದು ವಿನಯದಿಂದಲೇ ಕೇಳಿದರು. ಬೀಗರು ಆ ರಾತ್ರಿ ನಮ್ಮ ಸದಸ್ಯರಿಗೆ ಫೋನು ಮಾಡಿದರು. “ಸಾಹೇಬ್ರು ಕೇಳ್ಯಾರ, ಹೂಂ ಅನ್ಲೋ, ಬ್ಯಾಡ ಅನ್ಲೋ? ಬ್ಯಾಡ ಅಂದ್ರ ತಪ್ಪು ತಿಳ್ಕೊತಾರೇನೋ.”

ನಮ್ಮ ಸದಸ್ಯರಿಗೂ ಉತ್ತರ ತಿಳಿಯಲಿಲ್ಲ. ಅವರು ಪ್ರಶ್ನೆಯನ್ನು ಸಂಘಕ್ಕೆ ತಂದರು. ಇದು ಮೆಣಸಿನಕಾಯಿ ಕಣಕ್ಕೆ ಮಾತ್ರ ಸೇರಿದ ಪ್ರಶ್ನೆಯಲ್ಲವೆಂದು ನಮಗೆ ಕಂಡಿತು. ಕಾಫಿಗೆ ಬೆಲೆ ಬಂದ ವರ್ಷಗಳಲ್ಲಿ ಕಣದ ಚೆರ್ರಿಯಷ್ಟೇ ಅಲ್ಲ, ಗಿಡದ ಮೇಲಿನ ಹಣ್ಣೂ ಕಳುವಾಗುವುದನ್ನು ನಾವು ಬಲ್ಲೆವು. ಸುಲಿದ ಅಡಿಕೆಯ ಮೂಟೆ ಅಂಗಳದಲ್ಲಿದ್ದರೆ ಮನೆಯವರಿಗೆ ನಿದ್ರೆಯಿಲ್ಲ. ಹೀಗಾಗಿ ಐದಾರು ಎಕರೆಯ ತೋಟದಲ್ಲಿಯೂ ಇಂದು ಕ್ಯಾಮೆರಾ ಇದೆ. ಕ್ಯಾಮೆರಾ ಬಂದ ಮೇಲೆ ಅದರ ಚಿತ್ರ ಯಾರದು, ಪೊಲೀಸರು ಕೇಳಿದರೆ ಯಾವಾಗ ಕೊಡಬೇಕು, ಪೊಲೀಸರೇ ನಮ್ಮ ಜಮೀನಿನಲ್ಲಿ ಕ್ಯಾಮೆರಾ ಹಾಕಬಹುದೇ ಎಂಬ ಮಾತು ಇಂದಲ್ಲ ನಾಳೆ ನಮ್ಮ ಬಾಗಿಲಿಗೂ ಬರುತ್ತದೆ. ತಿಳಿದವರನ್ನು ವಿಚಾರಿಸಿ, ಕಾನೂನು ಪುಸ್ತಕಗಳನ್ನು ನೋಡಿ ನಾವು ತಿಳಿದುಕೊಂಡದ್ದನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇವೆ.

ಮೂರು ಬಗೆಯ ಕ್ಯಾಮೆರಾ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ನಾವು ಕಾಣುವ ಕ್ಯಾಮೆರಾಗಳು ಮೂರು ಬಗೆಯವು. ನಮ್ಮ ಹಣದಿಂದ, ನಮ್ಮ ಕಾವಲಿಗೆ ನಾವೇ ಹಾಕಿಸಿಕೊಂಡದ್ದು ಒಂದು. ಜನ ಸೇರುವ ಜಾಗವೆಂಬ ಕಾರಣಕ್ಕೆ ಕಾನೂನೇ ಹಾಕಬೇಕೆಂದು ವಿಧಿಸಿದ್ದು ಎರಡನೆಯದು. ಪೊಲೀಸರೇ ತಮ್ಮ ಕೆಲಸಕ್ಕಾಗಿ ಹಾಕಿದ್ದು ಮೂರನೆಯದು. ಈ ಮೂರಕ್ಕೂ ನಿಯಮ ಬೇರೆ ಬೇರೆ. ಒಂದರ ನಿಯಮವನ್ನು ಇನ್ನೊಂದಕ್ಕೆ ಹಚ್ಚಿದರೆ, ಕೊಡಬೇಕಾದ್ದನ್ನು ಕೊಡದೆ ತಪ್ಪು ಮಾಡುತ್ತೇವೆ, ಇಲ್ಲವೇ ಕೊಡಬೇಕಿಲ್ಲದ್ದನ್ನು ಹೆದರಿ ಕೊಡುತ್ತೇವೆ.

ಸರ್ಕಾರಿ ರಸ್ತೆ, ಬಸ್ ನಿಲ್ದಾಣ, ಸಂತೆಯ ಬಯಲು ಇಂಥಲ್ಲಿ ಪೊಲೀಸರು ಕ್ಯಾಮೆರಾ ಹಾಕುವುದಕ್ಕೆ ನಮ್ಮ ಅನುಮತಿ ಬೇಕಿಲ್ಲ. ಬೆಂಗಳೂರಿನಲ್ಲಿ ಕೇಂದ್ರದ ನಿರ್ಭಯಾ ನಿಧಿಯ ನೆರವಿನಿಂದ ನಡೆದ ಸುರಕ್ಷಿತ ನಗರ ಯೋಜನೆಯ ಸಾವಿರಾರು ಕ್ಯಾಮೆರಾಗಳು ಇಂಥವು. ನಮ್ಮ ಗೇಟಿನ ಒಳಗಿನ ಮಾತು ಬೇರೆ.

ಗೇಟು ದಾಟಬೇಕಾದರೆ

ಪೊಲೀಸರು ಖಾಸಗಿ ಜಮೀನಿನಲ್ಲಿ ಮಾಲೀಕನ ಒಪ್ಪಿಗೆಯಿಲ್ಲದೆ ಕಂಬ ನೆಟ್ಟು ಕ್ಯಾಮೆರಾ ಕಟ್ಟಬಹುದೆಂದು ಹೇಳುವ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. ಕಾನೂನು ಇಲ್ಲವೆಂದರೆ ಪೊಲೀಸರಿಗೆ ಅಡ್ಡಿಯಿಲ್ಲವೆಂದು ಕೆಲವರು ತಿಳಿದಿದ್ದಾರೆ. ಸರ್ಕಾರದ ವಿಷಯದಲ್ಲಿ ಲೆಕ್ಕ ಹಾಗಲ್ಲ. ಸಂವಿಧಾನದ 300ಎ ವಿಧಿಯು, ಕಾನೂನಿನ ಅಧಿಕಾರವಿಲ್ಲದೆ ಯಾರ ಸ್ವತ್ತನ್ನೂ ಅವರಿಂದ ತಪ್ಪಿಸಕೂಡದೆಂದು ಹೇಳುತ್ತದೆ. 1978ರ 44ನೆಯ ತಿದ್ದುಪಡಿಯಲ್ಲಿ ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕುಗಳಿಂದ ತೆಗೆದಾಗ ಉಳಿಸಿಕೊಟ್ಟ ಆಸರೆ ಇದು. ಖಾಸಗಿಯವನು ನಿಷೇಧವಿಲ್ಲದ್ದನ್ನು ಮಾಡಬಹುದು. ಸರ್ಕಾರದ ನೌಕರನಾದರೋ ಪ್ರಜೆಯ ಹಕ್ಕಿಗೆ ಕೈ ಹಾಕುವಾಗ ತನಗೆ ಅಧಿಕಾರ ಕೊಟ್ಟ ಕಾನೂನನ್ನು ತೋರಿಸಬೇಕು.

ಶೋಧನೆಯ ಅಧಿಕಾರ ಪೊಲೀಸರಿಗೆ ಇದೆಯಲ್ಲ ಎಂದು ಕೇಳಬಹುದು. ಇದೆ. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಅದರ 185ನೆಯ ಕಲಮಿನಂತೆ, ತನಿಖೆಯಲ್ಲಿರುವ ಅಪರಾಧಕ್ಕೆ ಬೇಕಾದ ವಸ್ತು ಒಂದು ಜಾಗದಲ್ಲಿದೆ, ತಡಮಾಡಿದರೆ ಸಿಗದು ಎಂದು ನಂಬಲು ಕಾರಣವಿದ್ದರೆ ಅಧಿಕಾರಿಯು ವಾರಂಟ್ ಇಲ್ಲದೆಯೂ ಶೋಧಿಸಬಹುದು. ಆದರೆ ಆ ಕಾರಣವನ್ನು ಬರೆದಿಡಬೇಕು. ಶೋಧನೆಯನ್ನು ಧ್ವನಿ ಸಹಿತ ವಿಡಿಯೋ ಮಾಡಬೇಕು. ಬರೆದದ್ದರ ಪ್ರತಿ 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಜಾಗದ ಒಡೆಯನು ಅರ್ಜಿ ಕೊಟ್ಟರೆ ಅದರ ಪ್ರತಿ ಅವನಿಗೆ ಪುಕ್ಕಟೆಯಾಗಿ ಸಿಗಬೇಕು. 103ನೆಯ ಕಲಮಿನಂತೆ ಶೋಧನೆಗೆ ಸ್ಥಳದ ಇಬ್ಬರು ಪಂಚರು ಇರಬೇಕು.

ಇಷ್ಟೆಲ್ಲ ಕಟ್ಟುಪಾಡು ಇರುವುದು ಒಂದು ದಿನ ಬಂದು, ಹುಡುಕಿ, ಹೊರಟುಹೋಗುವ ಶೋಧನೆಗೆ. ಹಗಲಿರುಳು, ತಿಂಗಳುಗಟ್ಟಲೆ ನೋಡುತ್ತ ಕೂರುವ ಕ್ಯಾಮೆರಾವನ್ನು ಬಿಟ್ಟುಹೋಗಲು ಈ ಕಲಮು ಅಧಿಕಾರ ಕೊಡುತ್ತದೆಂದು ಅದರ ಮಾತುಗಳಿಂದ ತೋರುವುದಿಲ್ಲ. ಆದ್ದರಿಂದ ನಮ್ಮ ಜಮೀನಿನೊಳಗೆ ಪೊಲೀಸರ ಕ್ಯಾಮೆರಾ ಬರಬೇಕಾದರೆ ಉಳಿಯುವ ಸಾಮಾನ್ಯ ದಾರಿ ನಮ್ಮ ಒಪ್ಪಿಗೆಯೊಂದೇ.

ರಾತ್ರಿ ಬಾಗಿಲು ಬಡಿದವರು

ಪೊಲೀಸ್ ನಿಗಾ ಎಷ್ಟರ ಮಟ್ಟಿಗೆ ನಡೆಯಬಹುದೆಂಬ ಪ್ರಶ್ನೆ ಕ್ಯಾಮೆರಾಕ್ಕಿಂತ ಹಳೆಯದು. ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬವರ ಮೇಲೆ 1941ರಲ್ಲಿ ದರೋಡೆಯ ಆರೋಪ ಬಂದಿತ್ತು. ಸಾಕ್ಷ್ಯವಿಲ್ಲದೆ ಬಿಡುಗಡೆಯಾಯಿತು. ಆದರೂ ಠಾಣೆಯ ಪುಸ್ತಕದಲ್ಲಿ ಹೆಸರು ಉಳಿಯಿತು. ಪೇದೆಗಳು ನಡುರಾತ್ರಿ ಬಂದು ಬಾಗಿಲು ಬಡಿದು, ಮನೆಯಲ್ಲಿದ್ದಾರೆಯೇ ಎಂದು ನೋಡಿಹೋಗುತ್ತಿದ್ದರು. ಅವರು ಸುಪ್ರೀಂ ಕೋರ್ಟಿಗೆ ಹೋದರು. 1962ರ ಡಿಸೆಂಬರಿನಲ್ಲಿ ಆರು ನ್ಯಾಯಮೂರ್ತಿಗಳ ಪೀಠವು ಈ ರಾತ್ರಿ ಭೇಟಿಯನ್ನು ಸಂವಿಧಾನಬಾಹಿರವೆಂದು ರದ್ದುಮಾಡಿತು. ಆದರೆ ದೂರದಿಂದ ಗಮನವಿಡುವ ಉಳಿದ ಕ್ರಮಗಳನ್ನು ಬಹುಮತದವರು ಒಪ್ಪಿದರು. ಖಾಸಗಿತನವೆಂಬ ಹಕ್ಕು ಸಂವಿಧಾನದಲ್ಲಿಲ್ಲವೆಂದೂ ಹೇಳಿದರು. ನ್ಯಾಯಮೂರ್ತಿ ಸುಬ್ಬರಾವ್ ಅವರು ಮಾತ್ರ ಜೊತೆಗೊಬ್ಬರೊಡನೆ ಭಿನ್ನಮತ ಬರೆದು, ಸದಾ ಕಣ್ಣಿನ ಕೆಳಗೆ ನಡೆಯುವವನು ಸ್ವತಂತ್ರನಲ್ಲವೆಂಬ ನಿಲುವು ತಳೆದರು.

1980ರ ಕೊನೆಯಲ್ಲಿ ಪಂಜಾಬಿನ ಮಲಕ್ ಸಿಂಗ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಇನ್ನೊಂದು ಹೆಜ್ಜೆ ಇಟ್ಟಿತು. ಅಪರಾಧ ತಡೆಯಲು ನಿಗಾ ಬೇಕಾಗಬಹುದು, ಆದರೆ ಅದು ಅತಿಯಾಗಿ ಒಬ್ಬನ ಬಾಳಿನೊಳಗೆ ನುಗ್ಗಿ ಅವನ ಘನತೆ ಕೆಡಿಸಕೂಡದು, ತಕ್ಕ ಕಾರಣವಿಲ್ಲದೆ ಯಾರ ಹೆಸರನ್ನೂ ನಿಗಾ ಪುಸ್ತಕಕ್ಕೆ ಸೇರಿಸಕೂಡದು ಎಂಬುದು ಆ ತೀರ್ಪಿನ ಸಾರ.

ಕೊನೆಗೆ ಬಾಗಿಲು ತೆರೆಸಿದವರು ನಮ್ಮ ರಾಜ್ಯದವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಆ ಅರ್ಜಿಯ ದಾರಿಯಲ್ಲಿ ಖಾಸಗಿತನದ ಪ್ರಶ್ನೆ ಒಂಬತ್ತು ನ್ಯಾಯಮೂರ್ತಿಗಳ ಮುಂದೆ ಬಂತು. 2017ರ ಆಗಸ್ಟ್ 24ರಂದು ಒಂಬತ್ತು ಮಂದಿಯೂ ಒಂದೇ ಮಾತಿನಲ್ಲಿ, ಖಾಸಗಿತನವು ಮೂಲಭೂತ ಹಕ್ಕೆಂದು ತೀರ್ಮಾನಿಸಿದರು. 1962ರ ತೀರ್ಪಿನ ವಿರುದ್ಧದ ಭಾಗ ಬಿದ್ದುಹೋಯಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ಅವರ ಹೆಸರಿನ ತೀರ್ಪು ಇಂದು ದೇಶದ ಪ್ರತಿಯೊಂದು ಠಾಣೆಗೂ ಅನ್ವಯಿಸುತ್ತದೆ.

ಆ ತೀರ್ಪು ಸರ್ಕಾರದ ಮುಂದೆ ಇಟ್ಟ ಅಳತೆಗೋಲನ್ನು ಸದಸ್ಯರು ನೆನಪಿಡಬೇಕು. ಒಬ್ಬನ ಖಾಸಗಿ ಬಾಳಿನೊಳಗೆ ಕಣ್ಣು ಹಾಯಿಸಬೇಕಾದರೆ, ಒಂದನೆಯದಾಗಿ, ಅದಕ್ಕೆ ಕಾನೂನಿನ ಆಧಾರವಿರಬೇಕು. ಎರಡನೆಯದಾಗಿ, ಉದ್ದೇಶ ನ್ಯಾಯವಾಗಿರಬೇಕು. ಮೂರನೆಯದಾಗಿ, ಉದ್ದೇಶಕ್ಕೆ ಬೇಕಾದಷ್ಟೇ ನೋಡಬೇಕು. ಇಲಿಗೆ ಹೆದರಿ ಮನೆಗೇ ಬೆಂಕಿ ಇಟ್ಟಂತಾಗಬಾರದು. 2024ರ ಜುಲೈಯಲ್ಲಿ ಜಾಮೀನಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಇದೇ ತತ್ವವನ್ನು ಹಚ್ಚಿತು. ಜಾಮೀನು ಪಡೆದವನು ತಾನಿರುವ ಜಾಗ ತನಿಖಾಧಿಕಾರಿಗೆ ಮೊಬೈಲಿನ ನಕ್ಷೆಯಲ್ಲಿ ಸದಾ ಕಾಣುವಂತೆ ಇಟ್ಟಿರಬೇಕೆಂಬ ಷರತ್ತನ್ನು ತೆಗೆದುಹಾಕಿತು. ಆರೋಪ ಹೊತ್ತವನಿಗೇ ಹೀಗಾದರೆ, ಯಾವ ಆರೋಪವೂ ಇಲ್ಲದ ರೈತನ ಮಾತೇನು?

ಹೊಲವು ಮನೆಯಲ್ಲವಲ್ಲ?

ಇಲ್ಲಿ ಬೆಳೆಗಾರರಿಗೇ ವಿಶೇಷವಾದ ಒಂದು ತೊಡಕಿದೆ. ಮನೆಯ ನಾಲ್ಕು ಗೋಡೆಯ ನಡುವೆ ಖಾಸಗಿತನ ಉಂಟೆಂದು ಯಾರೂ ಒಪ್ಪುತ್ತಾರೆ. ಬಯಲಿನಲ್ಲಿರುವ ಹೊಲಕ್ಕೆ, ತೋಟಕ್ಕೆ ಅದು ಉಂಟೇ?

ಅಮೆರಿಕದಲ್ಲಿ ಈ ಪ್ರಶ್ನೆಗೆ ನೂರು ವರ್ಷದ ಇತಿಹಾಸವಿದೆ. ಅಲ್ಲಿಯ ಸುಪ್ರೀಂ ಕೋರ್ಟು 1924ರಲ್ಲಿ, ಮತ್ತೆ 1984ರಲ್ಲಿ, ಬಯಲು ಹೊಲಕ್ಕೆ ಸಂವಿಧಾನದ ಶೋಧನಾ ರಕ್ಷಣೆ ಇಲ್ಲವೆಂದು ಹೇಳಿತು. 1984ರ ಪ್ರಕರಣದಲ್ಲಿ ಹೊಲಕ್ಕೆ ಬೀಗ ಹಾಕಿದ ಗೇಟಿತ್ತು, ಒಳಗೆ ಬರಬೇಡಿರೆಂಬ ಫಲಕವಿತ್ತು. ಆದರೂ ಪೊಲೀಸರು ಒಳಹೊಕ್ಕದ್ದು ತಪ್ಪಲ್ಲವೆಂದಾಯಿತು. ಇದರ ಫಲವಾಗಿ ಟೆನೆಸಿ ರಾಜ್ಯದಲ್ಲಿ ವನ್ಯಜೀವಿ ಇಲಾಖೆಯ ಅಧಿಕಾರಿಗಳು ವಾರಂಟ್ ಇಲ್ಲದೆ ರೈತರ ಜಮೀನಿಗೆ ಹೊಕ್ಕು ಮರಗಳಿಗೆ ಕ್ಯಾಮೆರಾ ಕಟ್ಟುವ ಪರಿಪಾಠ ಬೆಳೆಯಿತು. ಇಬ್ಬರು ಜಮೀನುದಾರರು ಕೋರ್ಟಿಗೆ ಹೋದರು. 2024ರಲ್ಲಿ ಆ ರಾಜ್ಯದ ಮೇಲ್ಮನವಿ ನ್ಯಾಯಾಲಯವು ಇದನ್ನು ರಾಜ್ಯ ಸಂವಿಧಾನಕ್ಕೆ ವಿರುದ್ಧವೆಂದಿತು. ಆ ರಾಜ್ಯದ ಸಂವಿಧಾನ ಮನುಷ್ಯ, ಮನೆ, ಕಾಗದಪತ್ರಗಳ ಜೊತೆಗೆ ಸ್ವತ್ತು ಎಂಬ ಮಾತನ್ನೂ ಸೇರಿಸಿತ್ತು. ಉಳುಮೆಯಲ್ಲಿರುವ, ಬೇಲಿ ಹಾಕಿದ, ಉಪಯೋಗದಲ್ಲಿರುವ ಜಮೀನು ಆ ಮಾತಿನೊಳಗೆ ಬರುತ್ತದೆಂದು ನ್ಯಾಯಾಲಯ ಎಣಿಸಿತು.

ನಮ್ಮ ದೇಶದ ನ್ಯಾಯಾಲಯಗಳು ಈ ಮನೆ–ಹೊಲದ ಗೆರೆಯನ್ನು ಹಾಗೆ ಎಳೆದಿಲ್ಲ. ಬ್ಯಾಂಕಿನ ದಾಖಲೆ ಶೋಧನೆಯ ಪ್ರಕರಣವೊಂದರಲ್ಲಿ 2004ರಲ್ಲೇ ನಮ್ಮ ಸುಪ್ರೀಂ ಕೋರ್ಟು, ಖಾಸಗಿತನ ಸ್ಥಳಕ್ಕೆ ಸೇರಿದ್ದಲ್ಲ, ವ್ಯಕ್ತಿಗೆ ಸೇರಿದ್ದು ಎಂದಿದೆ. 2017ರ ತೀರ್ಪಿನಲ್ಲಿಯೂ ಈ ಭಾವ ಇದೆ. ಹೊಲದ ಬದುವಿನಲ್ಲಿ ಕುಳಿತು ಬುತ್ತಿ ಉಣ್ಣುವ ಆಳು, ಕೆರೆಯಂಚಿನಲ್ಲಿ ಮುಖ ತೊಳೆಯುವ ಹೆಣ್ಣುಮಗಳು ಬಯಲಿನಲ್ಲಿದ್ದಾರೆಂಬ ಕಾರಣಕ್ಕೆ ತಮ್ಮ ಹಕ್ಕನ್ನು ಮನೆಯಲ್ಲಿ ಬಿಟ್ಟುಬಂದವರಲ್ಲ. ಜೊತೆಗೆ, ಇದೇ ಮಾತಿನಂತೆ ತೋಟದ ಹಕ್ಕು ತೋಟದ ಮಾಲೀಕನದು ಮಾತ್ರವೂ ಅಲ್ಲ. ಈ ಮಾತಿಗೆ ಮುಂದೆ ಮತ್ತೆ ಬರುತ್ತೇವೆ.

ನಮ್ಮ ಕ್ಯಾಮೆರಾದ ಚಿತ್ರ ಪೊಲೀಸರು ಕೇಳಿದರೆ

ಈಗ ನಿತ್ಯ ಬರುವ ಸಂಗತಿ. ಪಕ್ಕದ ತೋಟದಲ್ಲಿ ಕಳವಾಗಿದೆ, ಅಥವಾ ನಮ್ಮ ಗೇಟಿನ ಮುಂದೆ ಅಪಘಾತವಾಗಿದೆ, ಪೊಲೀಸರು ಬಂದು ಆ ರಾತ್ರಿಯ ಚಿತ್ರ ಕೇಳುತ್ತಾರೆ. ಮನಸ್ಸಿದ್ದರೆ ಕೊಡುವುದಕ್ಕೆ ಅಡ್ಡಿಯಿಲ್ಲ. ಕೊಡುವುದು ಒಳ್ಳೆಯ ನೆರೆಯವನ ಲಕ್ಷಣವೂ ಹೌದು. 2024ರ ಮಾರ್ಚ್ 11ರಂದು ಮೆಣಸಿನಕಾಯಿ ಬೆಲೆ ಕುಸಿದು ಬ್ಯಾಡಗಿ ಮಾರುಕಟ್ಟೆಯಲ್ಲಿ ಗಲಭೆಯಾಗಿ ವಾಹನಗಳು ಸುಟ್ಟದ್ದನ್ನು ಎಲ್ಲರೂ ಬಲ್ಲರು. ಅಂಥ ಗದ್ದಲದ ತನಿಖೆಯಲ್ಲಿ ಚಿತ್ರವಿದ್ದರೆ ತಪ್ಪಿತಸ್ಥನೂ ಸಿಗುತ್ತಾನೆ, ಸುಮ್ಮನೆ ನಿಂತಿದ್ದ ನಿರಪರಾಧಿಯೂ ಪಾರಾಗುತ್ತಾನೆ.

ಕಡ್ಡಾಯವಾಗಿ ಕೊಡಬೇಕಾಗುವುದು ಯಾವಾಗ? ನಾಗರಿಕ ಸುರಕ್ಷಾ ಸಂಹಿತೆಯ 94ನೆಯ ಕಲಮಿನಂತೆ, ತನಿಖೆಗೋ ವಿಚಾರಣೆಗೋ ಬೇಕಾದ ದಾಖಲೆಯನ್ನು ಹಾಜರುಪಡಿಸಲು ನ್ಯಾಯಾಲಯವು ಸಮನ್ಸಿನ ಮೂಲಕವೂ, ಠಾಣಾಧಿಕಾರಿಯು ಲಿಖಿತ ಆದೇಶದ ಮೂಲಕವೂ ಹೇಳಬಹುದು. ಕ್ಯಾಮೆರಾದ ಪೆಟ್ಟಿಗೆ, ಮೊಬೈಲು ಮುಂತಾದ ಸಾಧನಗಳೂ ಈ ಕಲಮಿನೊಳಗೆ ಬರುತ್ತವೆ. ಇಂಥ ಆದೇಶ ಬಂದರೆ ಪಾಲಿಸಲೇಬೇಕು. ಸಕಾರಣವಿಲ್ಲದೆ ಪಾಲಿಸದಿರುವುದು ಅಪರಾಧವಾಗುತ್ತದೆ.

ಆದರೆ ಈ ಕಲಮಿನ ಎಲ್ಲೆಯನ್ನೂ ಗಮನಿಸಿ. ಆದೇಶ ಲಿಖಿತವಾಗಿರಬೇಕು. ಠಾಣಾಧಿಕಾರಿಯದಾಗಿರಬೇಕು. ಒಂದು ತನಿಖೆಗೋ ವಿಚಾರಣೆಗೋ ಸಂಬಂಧಪಟ್ಟಿರಬೇಕು. ಮತ್ತು ಅದು ಈಗಾಗಲೇ ಇರುವ ವಸ್ತುವನ್ನು ಹಾಜರುಪಡಿಸುವ ಮಾತನ್ನಾಡುತ್ತದೆ. ಯಾವ ಪ್ರಕರಣವೂ ಇಲ್ಲದೆ, ಇನ್ನು ಮುಂದೆ ನಡೆಯುವುದೆಲ್ಲವೂ ಠಾಣೆಯ ಮೊಬೈಲಿನಲ್ಲಿ ಸದಾ ಕಾಣುತ್ತಿರಲಿ ಎಂಬ ಕೋರಿಕೆಗೆ ಈ ಕಲಮಿನಲ್ಲಿ ಆಧಾರ ನಮಗೆ ಕಾಣಲಿಲ್ಲ. ರೂಪನಗುಡಿಯ ರೈತರಿಗೆ ಬಂದದ್ದು ಈ ಎರಡನೆಯ ಬಗೆಯ ಕೋರಿಕೆ. ಅದು ಕೋರಿಕೆ, ಆದೇಶವಲ್ಲ. ಕೋರಿಕೆಗೆ ಹೂಂ ಎನ್ನಬಹುದು, ಷರತ್ತಿನ ಮೇಲೆ ಹೂಂ ಎನ್ನಬಹುದು, ಬೇಡವೆನ್ನಲೂಬಹುದು. ಬೇಡವೆಂದ ಮಾತ್ರಕ್ಕೆ ಯಾರೂ ಅಪರಾಧಿಯಾಗುವುದಿಲ್ಲ.

ಕಾನೂನೇ ವಿಧಿಸಿದ ಕ್ಯಾಮೆರಾ

ಎರಡನೆಯ ಬಗೆಯ ಕ್ಯಾಮೆರಾಕ್ಕೆ ಕರ್ನಾಟಕದಲ್ಲಿ ಪ್ರತ್ಯೇಕ ಕಾನೂನಿದೆ. ಬಳ್ಳಾರಿಗೆ ನೆರೆಯಾದ ಅವಿಭಜಿತ ಆಂಧ್ರ ಪ್ರದೇಶವು 2013ರಲ್ಲಿ ಸಾರ್ವಜನಿಕ ಸುರಕ್ಷತಾ ಕ್ರಮಗಳ ಜಾರಿ ಕಾನೂನು ಮಾಡಿತು. ನಾಲ್ಕು ವರ್ಷದ ಮೇಲೆ ಅದೇ ಹಾದಿಯಲ್ಲಿ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕ್ರಮಗಳ ಜಾರಿ ಅಧಿನಿಯಮ, 2017 ಬಂತು. ವಾಣಿಜ್ಯ ಸಂಸ್ಥೆ, ಕಾರ್ಖಾನೆ, ಧಾರ್ಮಿಕ ಸ್ಥಳ, ಶಾಲೆ ಕಾಲೇಜು, ಆಸ್ಪತ್ರೆ, ಬಸ್ ಮತ್ತು ರೈಲು ನಿಲ್ದಾಣ ಮುಂತಾಗಿ ಜನ ಗುಂಪಾಗಿ ಸೇರುವ ಜಾಗಗಳಲ್ಲಿ ಕ್ಯಾಮೆರಾ ಹಾಕಬೇಕು, ಚಿತ್ರವನ್ನು 30 ದಿನ ಕಾಪಾಡಬೇಕು, ಪೊಲೀಸರು ಕೇಳಿದಾಗ ಒದಗಿಸಬೇಕು ಎಂಬುದು ಅದರ ತಿರುಳು. ತಪ್ಪಿದರೆ ದಂಡವುಂಟು.

ಇದು ಸಣ್ಣ ಬೆಳೆಗಾರನ ತೋಟಕ್ಕೂ ಕಣಕ್ಕೂ ಅನ್ವಯಿಸುವ ಕಾನೂನಲ್ಲ. ಕುಯಿಲಿನ ಕಾಲದಲ್ಲಿ ಹತ್ತಿಪ್ಪತ್ತು ಆಳು ಸೇರಿದರೆ ಅದು ಸಾರ್ವಜನಿಕರು ನೆರೆಯುವ ಸ್ಥಳವಾಗುವುದಿಲ್ಲ. ಆದರೆ ಜನ ನೆರೆಯುವ ಮಾರಾಟ ಪ್ರಾಂಗಣ, ದೊಡ್ಡ ಗೋದಾಮು, ಕಲ್ಯಾಣಮಂಟಪ ನಡೆಸುವ ಸಹಕಾರಿ ಸಂಘಗಳು ತಮಗೆ ಇದು ಅನ್ವಯಿಸುತ್ತದೆಯೇ ಎಂದು ವಿಚಾರಿಸಿ ನೋಡುವುದು ಒಳ್ಳೆಯದು. ಈ ಕಾನೂನಿನ ಹೆಸರು ಹೇಳಿ ಯಾರಾದರೂ ತೋಟದ ಕ್ಯಾಮೆರಾದ ಪಾಸ್‌ವರ್ಡ್ ಕೇಳಿದರೆ, ಯಾವ ಆದೇಶದ ಮೇಲೆ ಎಂದು ಮರ್ಯಾದೆಯಿಂದ ಕೇಳುವುದರಲ್ಲಿ ತಪ್ಪಿಲ್ಲ.

ಕ್ಯಾಮೆರಾ ಪೊಲೀಸರ ಕಡೆಗೂ ತಿರುಗಿದೆ ಎಂಬುದನ್ನು ಇಲ್ಲಿಯೇ ಹೇಳಬೇಕು. 2020ರ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟು ದೇಶದ ಪ್ರತಿ ಠಾಣೆಯ ಬಾಗಿಲು, ಲಾಕಪ್, ಮೊಗಸಾಲೆಗಳಲ್ಲಿ ಕ್ಯಾಮೆರಾ ಇರಬೇಕು, ಚಿತ್ರ 18 ತಿಂಗಳು ಉಳಿಯಬೇಕು, ಅಷ್ಟು ಆಗದಿದ್ದರೆ ಕನಿಷ್ಠ ಒಂದು ವರ್ಷವಾದರೂ ಉಳಿಯಬೇಕೆಂದು ಆಜ್ಞಾಪಿಸಿತು. ಅಧಿಕಾರವಿರುವ ಕಡೆ ಕ್ಯಾಮೆರಾ ಹೆಚ್ಚು ಬೇಕೆಂಬುದು ಆ ಆಜ್ಞೆಯ ಅರ್ಥವೆಂದು ನಾವು ತಿಳಿಯುತ್ತೇವೆ.

ನಮ್ಮ ಕಣ್ಣಿಗೂ ಎಲ್ಲೆ ಉಂಟು

ಪೊಲೀಸರಿಗೆ ಎಲ್ಲೆ ಹೇಳುವ ನಾವು ನಮ್ಮ ಕ್ಯಾಮೆರಾಕ್ಕೆ ಎಲ್ಲೆ ಹಾಕಿಕೊಂಡಿದ್ದೇವೆಯೇ? ಸದಸ್ಯರು ಬೇಸರಿಸಬಾರದು, ಈ ಪ್ರಶ್ನೆಗೆ ಹಲವರಲ್ಲಿ ಉತ್ತರವಿಲ್ಲ.

ಕೇರಳ ಹೈಕೋರ್ಟು 2023ರಲ್ಲಿ, ರಕ್ಷಣೆಯ ನೆಪದಲ್ಲಿ ನೆರೆಮನೆಯ ಸಂಗತಿಯನ್ನು ಇಣುಕಿ ನೋಡಲು ಯಾರಿಗೂ ಬಿಡಲಾಗದೆಂಬ ಅಭಿಪ್ರಾಯ ಕೊಟ್ಟು, ಮಾರ್ಗಸೂಚಿಯ ಅಗತ್ಯವನ್ನು ಸರ್ಕಾರದ ಗಮನಕ್ಕೆ ತಂದಿತು. ಕಾಸರಗೋಡಿನ ಅಡಿಕೆ ಬೆಳೆಗಾರರು ಆ ಹೈಕೋರ್ಟಿನ ವ್ಯಾಪ್ತಿಯಲ್ಲೇ ಇದ್ದಾರೆ. ಕಲ್ಕತ್ತಾ ಹೈಕೋರ್ಟಿನ ಇನ್ನೊಂದು ಪ್ರಕರಣದಲ್ಲಿ, ಒಂದೇ ಮನೆಯಲ್ಲಿ ವಾಸಿಸುವ ಅಣ್ಣತಮ್ಮಂದಿರಲ್ಲಿ ಒಬ್ಬರು ಇನ್ನೊಬ್ಬರ ಒಪ್ಪಿಗೆಯಿಲ್ಲದೆ ವಾಸದ ಭಾಗದೊಳಗೆ ಕ್ಯಾಮೆರಾ ನಡೆಸಕೂಡದೆಂದು ತೀರ್ಪಾಯಿತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದರಲ್ಲಿ ಕೈಹಾಕಲು ಒಪ್ಪಲಿಲ್ಲ. ಪಾಲಾಗದ ಮನೆ, ಒಂದೇ ಅಂಗಳ, ಎರಡು ಒಲೆ ಇರುವ ಕುಟುಂಬಗಳು ನಮ್ಮಲ್ಲಿ ಬಹಳ. ಕ್ಯಾಮೆರಾ ಹಾಕುವ ಮೊದಲು ತಮ್ಮನಿಗೊಂದು ಮಾತು ಹೇಳಿದರೆ ಕೋರ್ಟಿನ ಖರ್ಚು ಉಳಿಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಲೈನ್ ಮನೆಗಳು. ಕೆಲಸದವರ ಸ್ನಾನದ ಜಾಗ, ಶೌಚಾಲಯದ ದಾರಿ, ನೀರಿನ ತೊಟ್ಟಿ ಇವು ಕ್ಯಾಮೆರಾದ ಕಣ್ಣಿಗೆ ಬೀಳಕೂಡದು. ಹೆಣ್ಣುಮಗಳೊಬ್ಬಳ ಸ್ನಾನ ಶೌಚಗಳಂಥ ಖಾಸಗಿ ಸಮಯವನ್ನು ನೋಡುವುದು, ಚಿತ್ರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೆಯ ಕಲಮಿನಂತೆ ಅಪರಾಧ. ಮೊದಲ ಸಲಕ್ಕೇ ಒಂದು ವರ್ಷಕ್ಕೆ ಕಡಿಮೆಯಿಲ್ಲದ, ಮೂರು ವರ್ಷದವರೆಗಿನ ಶಿಕ್ಷೆಯುಂಟು. ನಾವು ಕಾಫಿ ಮೂಟೆಗಾಗಿ ಹಾಕಿದ ಕ್ಯಾಮೆರಾದ ಪಾಸ್‌ವರ್ಡನ್ನು ಇನ್ನೊಬ್ಬರಿಗೆ ಕೊಟ್ಟಾಗ ನಮ್ಮ ಕಣವನ್ನಷ್ಟೇ ಕೊಡುವುದಿಲ್ಲ. ಅಲ್ಲಿ ಬದುಕುವ, ದುಡಿಯುವ ಎಲ್ಲರ ದಿನಚರಿಯನ್ನೂ ಕೊಡುತ್ತೇವೆ. ಅವರನ್ನು ಕೇಳದೆ ಹಾಗೆ ಕೊಡುವುದು ನ್ಯಾಯವಲ್ಲ. ಖಾಸಗಿತನ ವ್ಯಕ್ತಿಯದು ಎಂಬ ಮಾತಿನ ಅರ್ಥ ತೋಟದಲ್ಲಿ ಇದೇ.

ಕಾನೂನಿನ ಬೇಲಿಯಲ್ಲಿ ಸಂದು

ಕಾನೂನು ನಮ್ಮ ಕಡೆಗೆ ಸಂಪೂರ್ಣ ಗಟ್ಟಿಯಾಗಿದೆಯೆಂದು ಬರೆದರೆ ಸದಸ್ಯರಿಗೆ ಮೋಸ ಮಾಡಿದಂತಾಗುತ್ತದೆ. ಬೇಲಿಯಲ್ಲಿ ಎರಡು ಸಂದು ದೊಡ್ಡವು.

ಶೋಧನೆ ಕ್ರಮಬದ್ಧವಾಗಿರಲಿಲ್ಲವೆಂಬ ಒಂದೇ ಕಾರಣಕ್ಕೆ ಅದರಲ್ಲಿ ಸಿಕ್ಕ ಸಾಕ್ಷ್ಯವನ್ನು ತಳ್ಳಿಹಾಕಬೇಕಿಲ್ಲವೆಂದು ಸುಪ್ರೀಂ ಕೋರ್ಟು 1973ರ ಡಿಸೆಂಬರಿನಲ್ಲಿ, ಆದಾಯ ತೆರಿಗೆಯ ಪೂರಣ್ ಮಲ್ ಪ್ರಕರಣದಲ್ಲಿ ಹೇಳಿತು. 2017ರ ತೀರ್ಪಿನ ನಂತರ ಇದನ್ನು ಮರುಪರಿಶೀಲಿಸಬೇಕೆಂಬ ವಾದವಿದ್ದರೂ ಹಳೆಯ ಮಾತಿನ ಬಲ ಹೋಗಿಲ್ಲ. ಅಂದರೆ ಕ್ಯಾಮೆರಾ ಇಟ್ಟದ್ದು ತಪ್ಪಾದರೂ ಚಿತ್ರ ಕೋರ್ಟಿಗೆ ಬರಬಹುದು.

ಎರಡನೆಯದು, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಂದವು. ಮುಖ್ಯ ಹೊಣೆಗಾರಿಕೆಗಳ ಜಾರಿಗೆ ಅಲ್ಲಿಂದ 18 ತಿಂಗಳ ಕಾಲಾವಕಾಶವಿದೆ. ಆದರೆ ಅಪರಾಧ ತಡೆ, ಪತ್ತೆ, ತನಿಖೆಗಳ ಕೆಲಸಕ್ಕೆ ಈ ಕಾನೂನು ಬಹಳಷ್ಟು ವಿನಾಯಿತಿ ಕೊಟ್ಟಿದೆ. ಹಾಗಾಗಿ ಪೊಲೀಸರ ಕೈಸೇರಿದ ಚಿತ್ರವನ್ನು ಈ ಕಾನೂನಿನ ಮೂಲಕ ಹಿಂದೆ ಪಡೆಯುವ ಆಸೆ ಹೆಚ್ಚಿಗೆ ಇಟ್ಟುಕೊಳ್ಳುವಂತಿಲ್ಲ. ಆದ್ದರಿಂದಲೇ ಕೊಡುವ ಮುಂಚೆ ಯೋಚಿಸಬೇಕು. ಕೊಟ್ಟ ಮೇಲೆ ಚಿತ್ರ ನಮ್ಮ ಹಿಡಿತದಲ್ಲಿರುವುದಿಲ್ಲ.

ಸದಸ್ಯರು ಪಾಲಿಸಬೇಕಾದ ಕ್ರಮ

1. ಪೊಲೀಸರು ಚಿತ್ರ ಕೇಳಿದರೆ ಯಾವ ದಿನದ, ಯಾವ ವೇಳೆಯ, ಯಾವ ಪ್ರಕರಣದ್ದೆಂದು ಕೇಳಿ. ಅಷ್ಟನ್ನೇ ಕೊಡಿ.

2. ಲಿಖಿತ ಆದೇಶವನ್ನು ಕೇಳಿ ಪಡೆಯಿರಿ. ತುರ್ತಿನಲ್ಲಿ ಬಾಯಿಮಾತಿನ ಮೇಲೆ ಕೊಟ್ಟಿದ್ದರೆ ಮಾರನೆಯ ದಿನ ಠಾಣೆಗೆ ಪತ್ರ ಬರೆದು ಸ್ವೀಕೃತಿ ಪಡೆಯಿರಿ.

3. ಪ್ರತಿ ಮಾಡಿಕೊಡಿ, ಮೂಲವನ್ನು ಅಳಿಸಬೇಡಿ. ಕೋರ್ಟಿನಲ್ಲಿ ಇಂಥ ಚಿತ್ರಕ್ಕೆ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ. ಸಹಿಮಾಡುವ ಮುನ್ನ ಓದಿ.

4. ಕ್ಯಾಮೆರಾದ ಪೆಟ್ಟಿಗೆಯನ್ನೇ ವಶಪಡಿಸಿಕೊಂಡರೆ ಮಹಜರಿನ ಪ್ರತಿ ಕೇಳಿ. 105ನೆಯ ಕಲಮಿನಂತೆ ವಶಪಡಿಸಿಕೊಳ್ಳುವುದನ್ನೂ ವಿಡಿಯೋ ಮಾಡಬೇಕು.

5. ಒಪ್ಪಿಗೆಯಾಗದಿದ್ದರೂ ಅಡ್ಡ ನಿಲ್ಲಬೇಡಿ, ಕೈ ಹಿಡಿಯಬೇಡಿ. ನೌಕರನ ಕರ್ತವ್ಯಕ್ಕೆ ಅಡ್ಡಿಯೆಂಬ ಬೇರೆ ಪ್ರಕರಣ ಹುಟ್ಟುತ್ತದೆ. ಆಕ್ಷೇಪಣೆಯನ್ನು ಬರೆದುಕೊಡಿ.

6. ಸದಾಕಾಲದ ನೇರ ನೋಟಕ್ಕೆ ಒಪ್ಪುವುದಾದರೆ ಯಾವ ಕ್ಯಾಮೆರಾ, ಯಾವ ದಿಕ್ಕು, ಎಷ್ಟು ದಿನ ಎಂಬುದನ್ನು ಬರವಣಿಗೆಯಲ್ಲಿಡಿ. ಒಪ್ಪಿಗೆಯನ್ನು ಹಿಂತೆಗೆದುಕೊಳ್ಳುವ ಹಕ್ಕು ನಮ್ಮದೆಂದು ಅದರಲ್ಲೇ ನಮೂದಿಸಿ.

7. ಅನ್ಯಾಯವಾಯಿತೆಂದು ತೋರಿದರೆ ಮೇಲಧಿಕಾರಿಗಳಿಗೆ, ಅಲ್ಲಿ ಪರಿಹಾರ ಸಿಗದಿದ್ದರೆ ರಾಜ್ಯ ಪೊಲೀಸ್ ದೂರು ಪ್ರಾಧಿಕಾರಕ್ಕೆ ಬರೆಯಬಹುದು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಹರಿಗೆ ವಕೀಲರ ನೆರವು ಪುಕ್ಕಟೆ ಸಿಗುತ್ತದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯದ ಮಿತಿಯೂ ಇಲ್ಲ.

ಬರೆದುಕೊಡಲು ಮಾದರಿ ಬೇಕೆಂದವರಿಗೆ ಇಷ್ಟು ಸಾಕು: “ತಮ್ಮ ಕೋರಿಕೆಯ ಮೇರೆಗೆ, ಇಂಥ ದಿನಾಂಕದ ಇಂಥ ವೇಳೆಯಿಂದ ಇಂಥ ವೇಳೆಯವರೆಗಿನ, ನನ್ನ ಜಮೀನಿನ ಗೇಟಿನ ಕ್ಯಾಮೆರಾದ ಚಿತ್ರದ ಒಂದು ಪ್ರತಿಯನ್ನು ಇಂಥ ಪ್ರಕರಣದ ತನಿಖೆಗಾಗಿ ಮಾತ್ರ ಕೊಟ್ಟಿರುತ್ತೇನೆ. ದಯವಿಟ್ಟು ಸ್ವೀಕೃತಿ ಕೊಡಬೇಕಾಗಿ ವಿನಂತಿ.”

ರೂಪನಗುಡಿಯಲ್ಲಿ ಆದದ್ದು

ಇಷ್ಟನ್ನು ನಮ್ಮ ಸದಸ್ಯರು ಬೀಗರಿಗೆ ತಿಳಿಸಿದರು. ಬೀಗರು ಠಾಣೆಗೆ ಹೋಗುವ ಮೊದಲು ಕಣದಲ್ಲಿ ಮೆಣಸಿನಕಾಯಿ ಆಯುತ್ತಿದ್ದ ಹೆಂಗಸರನ್ನು ಕೇಳಿದರು. ಪಂಪ್‌ಸೆಟ್ಟಿನ ಹಿಂದಿನ ತೊಟ್ಟಿಯಲ್ಲಿ ತಾವು ಕೈಕಾಲು ತೊಳೆದು ಸೀರೆ ಸರಿಪಡಿಸಿಕೊಳ್ಳುವುದು ಎರಡನೆಯ ಕ್ಯಾಮೆರಾಕ್ಕೆ ಕಾಣುತ್ತದೆಂದು ಅವರು ಹೇಳಿದರು. ಇಷ್ಟು ದಿನ ಯಾರೂ ಹೇಳಿರಲಿಲ್ಲ, ಯಾಕೆಂದರೆ ಯಾರೂ ಕೇಳಿರಲಿಲ್ಲ. ಬೀಗರು ಅಂದೇ ಅದನ್ನು ತಿರುಗಿಸಿದರು. ಆಮೇಲೆ ಒಂದು ಪತ್ರ ಬರೆದು, ರಸ್ತೆಯ ಕಡೆಗಿನ ಒಂದು ಕ್ಯಾಮೆರಾದ ಚಿತ್ರವನ್ನು, ಪ್ರಕರಣ ನಡೆದಾಗ ಕೇಳಿದ ದಿನದಷ್ಟನ್ನು, ಪ್ರತಿ ಮಾಡಿಕೊಡುವುದಾಗಿಯೂ, ಪಾಸ್‌ವರ್ಡ್ ಮಾತ್ರ ಕೊಡಲಾಗದೆಂದೂ ತಿಳಿಸಿದರು. ಠಾಣೆಯವರು ಪತ್ರ ಓದಿ, ಅಷ್ಟಾದರೂ ಆಗಲಿ ಎಂದು ಸ್ವೀಕೃತಿಯ ಮೊಹರು ಹಾಕಿಕೊಟ್ಟರು. ಬೀಗರು ಹೆದರಿದ ಹಾಗೆ ಯಾರೂ ತಪ್ಪು ತಿಳಿಯಲಿಲ್ಲ.

ಎಲ್ಲ ಕಡೆಯೂ ಇಷ್ಟು ಸುಲಭವಾಗಿ ಮುಗಿಯುತ್ತದೆಂದು ನಾವು ಹೇಳುವುದಿಲ್ಲ. ಆದರೂ ಬರೆದ ಕಾಗದಕ್ಕೆ ಬರೆಯದ ಮಾತಿಗಿಂತ ಬಲ ಹೆಚ್ಚು. ಈ ಕುಯಿಲಿಗೆ ಕ್ಯಾಮೆರಾ ಹಾಕಿಸುವವರು ಮೊದಲು ಅದು ಎಲ್ಲೆಲ್ಲಿ ನೋಡುತ್ತದೆಂಬುದನ್ನು ಕೆಲಸದವರ ಜೊತೆ ನಿಂತು ಪರೀಕ್ಷಿಸಬೇಕು. ಈಗಾಗಲೇ ಹಾಕಿಸಿರುವವರು ಪಾಸ್‌ವರ್ಡ್ ಯಾರ ಯಾರ ಬಳಿ ಇದೆಯೆಂದು ಲೆಕ್ಕ ಹಾಕಬೇಕು. ಸದಸ್ಯರಿಗೆ ಇಂಥ ಕೋರಿಕೆಯೋ ಆದೇಶವೋ ಬಂದಿದ್ದರೆ ಅದರ ಪ್ರತಿಯನ್ನು ಸಂಘದ ಕಚೇರಿಗೆ ತಂದು ತೋರಿಸಲಿ. ಮುಂದಿನ ಸರ್ವ ಸದಸ್ಯರ ಸಭೆಯಲ್ಲಿ ವಕೀಲರೊಬ್ಬರನ್ನು ಕರೆಸಿ ಈ ವಿಷಯದ ಮೇಲೆ ಪ್ರಶ್ನೋತ್ತರ ನಡೆಸುವ ವಿಚಾರವಿದೆ.